ಗೇಣಗಲ ತೆರೆದ ಬಾಗಿಲು

ನಮ್ಮೂರಿನಲ್ಲಿ ಬಸುರಿಯ ಮನೆಯ ಮುಂಬಾಗಿಲು ಮುಚ್ಚುವುದಿಲ್ಲ. ಮುಟ್ಟು ನಿಂತು ಹದಿನೈದು ದಿನವಾಗುವಷ್ಟರಲ್ಲಿ ಬಾಗಿಲು ಊದಿಕೊಂಡು, ಚೌಕಟ್ಟಿನೊಳಗೆ ಕೂರಲಾರದೆ, ಒಂದು ಗೇಣು ತೆರೆದೇ ನಿಲ್ಲುತ್ತದೆ. ಪೂರ್ತಿ ತೆಗೆಯಬಹುದು, ಹಾಕಲು ಮಾತ್ರ ಆಗುವುದಿಲ್ಲ. ಗಂಡಸರು ಭುಜ ಕೊಟ್ಟು ದಬ್ಬಿದರೂ ಅಷ್ಟೇ. ಒಂಬತ್ತು ತಿಂಗಳು ಬೆಕ್ಕು, ನಾಯಿ, ನೆಂಟರು ಎಲ್ಲರೂ ಹೇಳದೆ ಕೇಳದೆ ಒಳಗೆ ಬರುತ್ತಾರೆ. ಹೆರಿಗೆಯಾದ ಗಳಿಗೆಯಲ್ಲಿ ಬಾಗಿಲು ದಢಾರನೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಹೆಂಗಸು ತವರಿನಲ್ಲಿ ಹೆತ್ತರೂ ಆಸ್ಪತ್ರೆಯಲ್ಲಿ ಹೆತ್ತರೂ ಮುಚ್ಚುವುದು ಅವಳು ಬಾಳುವ ಮನೆಯ ಬಾಗಿಲೇ. ಆ ಸದ್ದು ಕೇಳಿದ ಕೂಡಲೇ ಬೀದಿಯವರು ಸಕ್ಕರೆ ಹಿಡಿದುಕೊಂಡು ಓಡುತ್ತಾರೆ. ಒಮ್ಮೆ ಪರವೂರಿನಿಂದ ವರ್ಗವಾಗಿ ಬಂದ ಪೋಸ್ಟ್‌ಮಾಸ್ಟರರು ಇದೇಕೆ ಹೀಗೆ ಎಂದು ಕಂಡಕಂಡವರನ್ನೆಲ್ಲ ಕೇಳಿಕೊಂಡು ಓಡಾಡಿದರು. ಅವರ ಹೆಂಡತಿ ಬಸಿರಾದ ಮೇಲೆ ಕೇಳುವುದು ಬಿಟ್ಟು ಒಂದು ಪರದೆ ಹೊಲಿಸಿಕೊಂಡರು.

ಆ ಪರದೆ ಹೊಲಿದವಳು ನಾನು. ಊರಿನ ತೆರೆದ ಬಾಗಿಲುಗಳಿಗೆಲ್ಲ ಪರದೆ ನನ್ನದೇ. ದಪ್ಪ ಬಟ್ಟೆ ತಂದು, ಗಾಳಿಗೆ ಹಾರದಿರಲೆಂದು ಕೆಳಗಿನ ಅಂಚಿನ ಮಡಿಕೆಯಲ್ಲಿ ಹುಣಸೆಬೀಜ ತುಂಬಿ ಹೊಲಿಯುತ್ತೇನೆ. ಅಳತೆ ತೆಗೆಯಲು ಹೋಗುವವಳೂ ನಾನೇ ಆದ್ದರಿಂದ ಯಾವ ಮನೆಗೆ ಮಗು ಬರಲಿದೆ ಎನ್ನುವುದು ಆ ಮನೆಯ ಅಜ್ಜಿಗಿಂತ ಒಂದು ದಿನ ಮೊದಲೇ ನನಗೆ ಗೊತ್ತಿರುತ್ತಿತ್ತು. ಮೊದಮೊದಲು ಇದೊಂದು ದೊಡ್ಡಸ್ತಿಕೆಯೆಂದೇ ನಾನು ತಿಳಿದಿದ್ದೆ.

ನನ್ನ ಬಾಗಿಲೂ ಮೂರು ಸಲ ತೆರೆದುಕೊಂಡಿತು, ಮೂರು ಸಲವೂ ಅವಧಿಗೆ ಮುಂಚೆ ಮುಚ್ಚಿತು. ಮೊದಲ ಸಲ ಮೂರನೆಯ ತಿಂಗಳು, ನಾನು ಒಲೆಯ ಮುಂದಿದ್ದೆ. ಎರಡನೆಯ ಸಲವೂ ಮೂರು ತುಂಬಿರಲಿಲ್ಲ. ಆಗ ಬೇರೊಬ್ಬರ ಪರದೆಗೆ ಬೀಜ ತುಂಬುತ್ತ ಕೂತಿದ್ದೆ. ಮೂರನೆಯದು ನಾಲ್ಕನೆಯ ತಿಂಗಳಿಗೆ ಬಂದಿತ್ತು. ಇನ್ನೇನೂ ಭಯವಿಲ್ಲ ಎಂದು ಅತ್ತೆ ಹಸಿರು ಬಳೆ ತಂದಿಟ್ಟ ಮರುದಿನ ಸದ್ದಾಯಿತು. ಅವಧಿಗೆ ಮುಂಚೆ ಮುಚ್ಚಿದರೂ ಬಾಗಿಲಿನ ಸದ್ದು ಒಂದೇ. ಜನ ತಿಂಗಳು ಎಣಿಸಿಕೊಂಡು, ಸಕ್ಕರೆ ಡಬ್ಬಿಯನ್ನು ಮತ್ತೆ ಗೂಡಿನಲ್ಲಿಡುತ್ತಾರೆ.

ಹಾಗೆ ಮುಚ್ಚಿದ ಬಾಗಿಲನ್ನು ನಮ್ಮೂರಿನಲ್ಲಿ ಯಾರೂ ತಟ್ಟುವುದಿಲ್ಲ. ಅದು ಮತ್ತೆ ತಾನಾಗಿ ತೆರೆದುಕೊಳ್ಳುವವರೆಗೆ ತಟ್ಟಬಾರದು, ಕರೆಯಬಾರದು, ಆದದ್ದರ ಮಾತೆತ್ತಬಾರದು. ಒಳಗಿರುವವಳಿಗೆ ನೋವಾಗದಿರಲಿ ಎಂದು ಹಿರಿಯರು ಮಾಡಿದ ಪದ್ಧತಿ. ಒಂಬತ್ತು ದಿನ ಬೀದಿಯವರು ಮೆಟ್ಟಿಲ ಮೇಲೆ ಊಟದ ಡಬ್ಬಿ ಇಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಹೋಗುತ್ತಾರೆ. ಬಿಳಿ ಅನ್ನ, ಸಪ್ಪೆ ಸಾರು. ಹುಳಿ ಖಾರ ಇರಬಾರದು. ಎಷ್ಟು ಮೆತ್ತಗೆ ನಡೆದರೂ ನನಗೆ ಕೇಳುತ್ತಿತ್ತು. ಹೆಜ್ಜೆ ಬರುವುದು, ಡಬ್ಬಿ ಕಲ್ಲಿಗೆ ತಾಗುವುದು, ಹೆಜ್ಜೆ ಹೋಗುವುದು. ಯಾರಾದರೂ ಒಬ್ಬರು ಎಡವಿ ಬಿದ್ದು ಅಯ್ಯೋ ಎಂದಿದ್ದರೂ ಸಾಕಿತ್ತು, ಓಡಿಹೋಗಿ ಬಾಗಿಲು ತೆಗೆಯುತ್ತಿದ್ದೆ. ಯಾರೂ ಎಡವಲಿಲ್ಲ.

ನನಗೆ ಯಾರೂ ಮದ್ದು ಮಾಡಲಿಲ್ಲ. ಮದ್ದೆಲ್ಲ ಆದದ್ದು ಬಾಗಿಲಿಗೆ. ಮೊದಲ ಸಲದ ನಂತರ ಅತ್ತೆ ಬಂದು ತಿರುಗಣಿಗಳಿಗೆ ಹರಳೆಣ್ಣೆ ಬಿಟ್ಟರು. ಅವರು ಹಿರಿಯ ಮಗನ ಜೊತೆ ಹಿಂದಿನ ಬೀದಿಯಲ್ಲಿದ್ದಾರೆ, ಒಳ್ಳೆಯ ಹೆಂಗಸು, ನನ್ನ ಮೇಲೆ ಜೀವ. ಎರಡನೆಯದರ ನಂತರ ಹೊಸ್ತಿಲು ಬದಲಾಯಿಸಿದರು. ಮೂರನೆಯದರ ನಂತರ ಬಡಗಿ ವೀರಾಚಾರರನ್ನು ಕರೆಸಿ, ಬಡಗಣ ಮುಖದ ಬಾಗಿಲನ್ನು ಕಿತ್ತು, ಮೂಡಣಕ್ಕೆ ಹೊಸ ಚೌಕಟ್ಟು ಕೂರಿಸಿ ಎಂದರು. ಆಚಾರರು ಮರ ಇನ್ನೂ ಹಸಿಯಿದೆ, ಒಂದು ಬೇಸಿಗೆ ಕಾಯಿರಿ ಎಂದರೂ ಅತ್ತೆ ಬಿಡಲಿಲ್ಲ. ನಮ್ಮದು ಬೀದಿಯ ಮೂಲೆಮನೆ. ಬಾಗಿಲು ತಿರುಗಿದ ಮೇಲೆ ಅದು ಅಂಬುಜಾಕ್ಷಮ್ಮನ ಮನೆಗೆ ಎದುರಾಯಿತು. ಅರವತ್ತು ದಾಟಿದ ಒಂಟಿ ಹೆಂಗಸು. ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು. ಅವರ ಮುಂಬಾಗಿಲು ನಾನು ಮದುವೆಯಾಗಿ ಬರುವುದಕ್ಕೂ ಮುಂಚಿನಿಂದ ಹಾಕಿಯೇ ಇತ್ತು, ಓಡಾಟವೆಲ್ಲ ಹಿತ್ತಿಲಿಂದ. ಮುಂಗೋಪಿ, ಯಾರನ್ನೂ ಸೇರದ ಮುದುಕಿ ಎಂದು ಊರು ಹೇಳುತ್ತಿತ್ತು, ನಾನೂ ನಂಬಿದ್ದೆ.

ಆಮೇಲೆ ಜನ ನನ್ನ ಹತ್ತಿರ ಪರದೆ ಹೊಲಿಸುವುದನ್ನು ಬಿಟ್ಟರು. ಕೋಪದಿಂದಲ್ಲ. ತುಂಬಿದ ಮನೆಯ ಬಾಗಿಲನ್ನು ನನ್ನ ಕೈಯಿಂದ ಅಳೆಸಿದರೆ ನನಗೆ ಸಂಕಟವಾಗುತ್ತದೆಂದು. ಹಳೆಯ ಸೀರೆಯನ್ನೇ ಇಳಿಬಿಟ್ಟುಕೊಳ್ಳುತ್ತಿದ್ದರು. ನಾನು ದಾರಿಯಲ್ಲಿ ಬರುತ್ತಿದ್ದರೆ ಬಸುರಿಯರು ಸೆರಗು ಹೊದ್ದು ಪಕ್ಕದ ಓಣಿಗೆ ತಿರುಗುತ್ತಿದ್ದರು. ಇಷ್ಟೊಂದು ಒಳ್ಳೆಯತನದ ನಡುವೆ ಮಾತಿಗೆ ಒಂದು ನರಪಿಳ್ಳೆ ಇಲ್ಲದಂತಾಯಿತು. ಗಂಡ ತೀರ್ಥಕುಮಾರ ಊರಿನ ನೀರುಗಂಟಿ, ಬೀದಿ ಬೀದಿಗೆ ನೀರು ಬಿಡುವ ಕೆಲಸ. ಒಳ್ಳೆಯವನೇ, ಆದರೆ ಅವನೂ ಈ ಊರಿನಲ್ಲಿ ಹುಟ್ಟಿ ಬೆಳೆದವನು. ಆದದ್ದರ ಮಾತು ಅವನ ಬಾಯಿಗೂ ಬರುತ್ತಿರಲಿಲ್ಲ.

ಬಟ್ಟೆ ತರಲು ನಾನು ಬಸ್ಸಿನಲ್ಲಿ ಎರಡು ಗಂಟೆ ದೂರದ ದೊಡ್ಡ ಊರಿಗೆ ಹೋಗುತ್ತಿದ್ದೆ. ಬಟ್ಟೆ ಅಂಗಡಿಯ ಪಕ್ಕದಲ್ಲೇ ಒಂದು ಮೆಟ್ಟಿಲು, ಮೇಲೆ ಹೆಂಗಸರ ಡಾಕ್ಟರ್. ವರ್ಷಗಟ್ಟಲೆ ಆ ಬೋರ್ಡಿನ ಕೆಳಗೆ ಓಡಾಡಿದ್ದೆ. ಹೊಸ ಬಾಗಿಲು ಕೂತ ಮೇಲೆ ಒಂದು ದಿನ ಬಟ್ಟೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಆ ಮೆಟ್ಟಿಲು ಹತ್ತಿದೆ. ಡಾಕ್ಟರ್ ನಸೀಮಾ ಎಂದು ಹೆಸರು. ತಲೆ ನರೆತಿತ್ತು, ಕಾಗದದ ಮೇಲೆ ಪೆನ್ನು ಹಿಡಿದೇ ಮಾತಾಡುವ ಹೆಂಗಸು.

"ಮೊದಲನೇದು ಯಾವಾಗಾಯ್ತು?" ಎಂದರು.

"ಯುಗಾದಿ ಕಳೆದ ಮೂರನೇ ದಿನ ಬಾಗ್ಲು ಮುಚ್ತು ಡಾಕ್ಟ್ರೇ. ಆಗ ತಿರುಗಣಿ ಒಣಗಿತ್ತಂತೆ. ಎರಡನೇ ಸಲ ಹೊಸ್ತಿಲು ಸೀಳಿತ್ತು. ಮೂರನೇ ಸಲ ದಿಕ್ಕು..."

ಅವರು ಪೆನ್ನು ಕೆಳಗಿಟ್ಟರು. "ಬಾಗಿಲಿಗೆ ಏನಾಯ್ತು ಅಂತ ನಾನು ಕೇಳಲಿಲ್ಲಮ್ಮ. ನಿಮಗೇನಾಯ್ತು?"

ಆ ಮಾತನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಬಟ್ಟೆಯ ಗಂಟಿನಲ್ಲಿ ಮುಖ ಹುದುಗಿಸಿಕೊಂಡು ಅತ್ತುಬಿಟ್ಟೆ. ಹೊರಗೆ ಕಾದು ಕೂತಿದ್ದವರಿಗೆಲ್ಲ ಕೇಳಿರಬೇಕು. ಡಾಕ್ಟರು ಸುಮ್ಮನಿರಿ ಎನ್ನಲಿಲ್ಲ, ನೀರು ತರಿಸಿಟ್ಟು ಕಾದರು. ಆಮೇಲೆ ಎಲ್ಲ ಹೇಳಿದೆ, ಎಷ್ಟು ನೋವು, ಎಷ್ಟು ರಕ್ತ, ಯಾರೂ ಕೇಳದಿದ್ದುದನ್ನೆಲ್ಲ. ಅವರು ಗರ್ಭಕೋಶದ ಆಕಾರ ನೋಡಲು ಸ್ಕ್ಯಾನ್ ಮಾಡಿದರು. ಥೈರಾಯ್ಡಿಗೆ, ಸಕ್ಕರೆಗೆ, ಇನ್ನೂ ಏನೇನಕ್ಕೋ ರಕ್ತ ತೆಗೆದುಕೊಂಡರು. ಗಂಡನನ್ನೂ ಕರೆಸಿ ಇಬ್ಬರದೂ ವಂಶವಾಹಿ ಸರಿಯಿದೆಯೇ ಎಂದು ಪರೀಕ್ಷೆಗೆ ಕಳಿಸಿದರು. ಎಲ್ಲ ಸರಿಯಿತ್ತು, ಒಂದು ಮಾತ್ರ ಸರಿಯಿರಲಿಲ್ಲ. ಅದನ್ನು ಖಾತ್ರಿ ಮಾಡಿಕೊಳ್ಳಲು ಹನ್ನೆರಡು ವಾರ ಬಿಟ್ಟು ಮತ್ತೆ ರಕ್ತ ತೆಗೆದರು. ಮತ್ತೆ ಅದೇ ಬಂತು.

"ನಿಮ್ಮ ರಕ್ತದಲ್ಲಿ ಒಂದು ಅಂಶ ಇದೆ. ಅದರಿಂದ ರಕ್ತ ಬೇಗ ಹೆಪ್ಪುಗಟ್ಟತ್ತೆ," ಎಂದರು. "ಬಸಿರಾದಾಗ ಮಗು ಪಾಲಿನ ರಕ್ತ ಹೋಗೋ ದಾರಿ ಕೆಡತ್ತೆ. ಎಷ್ಟೋ ಜನಕ್ಕೆ ಎಲ್ಲಾ ಪರೀಕ್ಷೆ ಮಾಡಿದ್ರೂ ಕಾರಣವೇ ಸಿಗಲ್ಲ. ನಿಮಗೆ ಸಿಕ್ಕಿದೆ."

ನಾನು ಎಷ್ಟೋ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಬಿಚ್ಚಿದೆ. "ಪರಂಗಿಹಣ್ಣು ತಿಂದಿದ್ದೆ."

"ಅದಕ್ಕಲ್ಲ."

"ಕೈಯೆತ್ತಿ ಬಟ್ಟೆ ಒಣಗಿ ಹಾಕಿದ್ದೆ. ಬಸ್ಸಲ್ಲಿ ಬಂದಿದ್ದೆ."

"ಅದಕ್ಕೂ ಅಲ್ಲ. ಇನ್ನೇನಾದ್ರೂ ಉಳಿದಿದೆಯಾ?"

ಉಳಿದಿತ್ತು. "ಬೇರೆಯವರ ಪರದೆ ಹೊಲಿವಾಗ ಹೊಟ್ಟೆಕಿಚ್ಚು ಪಟ್ಟಿದ್ದೆ ಡಾಕ್ಟ್ರೇ. ಒಂದೊಂದು ಬೀಜ ತುಂಬುವಾಗಲೂ."

ಡಾಕ್ಟರು ನನ್ನ ಮುಖವನ್ನೇ ನೋಡಿದರು. "ಅದಕ್ಕೂ ಅಲ್ಲ ಕಣಮ್ಮ," ಎಂದರು. ಆಮೇಲೆ ಬರೆದುಕೊಟ್ಟರು. ದಿನಕ್ಕೊಂದು ಪುಟ್ಟ ಮಾತ್ರೆ. ಬಸಿರು ಖಚಿತವಾದ ದಿನದಿಂದ ಹೊಟ್ಟೆಯ ಚರ್ಮಕ್ಕೆ ದಿನವೂ ಒಂದು ಚುಚ್ಚುಮದ್ದು, ಹೆರಿಗೆ ಹತ್ತಿರ ಬರುವವರೆಗೆ. ಮಗು ಉಳಿಯುತ್ತದೆಯೇ ಎಂದು ಕೇಳಿದೆ. ಹತ್ತರಲ್ಲಿ ಏಳು ಜನಕ್ಕೆ ಉಳಿಯುತ್ತದೆ, ನೀವು ಯಾವ ಸಾಲಿನವರೆಂದು ನನಗೆ ಗೊತ್ತಿಲ್ಲ ಎಂದರು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿ, "ಏನೇ ಆಗ್ಲಿ, ನನ್ನ ಕೇಳದೆ ಸೂಜಿ ನಿಲ್ಲಿಸಬಾರದು," ಎಂದರು.

ನಾಲ್ಕನೆಯ ಸಲ ಬಾಗಿಲು ತೆರೆದುಕೊಂಡಿತು. ಬೀದಿಗೆ ಬೀದಿಯೇ ಒಳಗೆ ನುಗ್ಗಿತು. ಅಷ್ಟು ದಿನ ಕಣ್ಣು ತಪ್ಪಿಸುತ್ತಿದ್ದವರೆಲ್ಲ ಎಲೆಅಡಿಕೆ ಹಾಕಿಕೊಂಡು ನನ್ನ ಹಜಾರದಲ್ಲಿ ಕೂತು, ಮೂಡಣದ ಬಾಗಿಲು ಎಷ್ಟು ಚೆನ್ನಾಗಿ ಊದಿದೆ ಎಂದು ಹೊಗಳಿದರು. ಅತ್ತೆ ಬಾಗಿಲಿಗೆ ಅರಿಸಿನ ಹಚ್ಚಿದರು. ಸೂಜಿಯ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ತುಂಬಿದ ಹೊಟ್ಟೆಗೆ ಚುಚ್ಚುತ್ತೇನೆ ಎಂದರೆ ಅತ್ತೆ ಎದೆಯೊಡೆದುಕೊಂಡು ಸಾಯುತ್ತಿದ್ದರು. ಸಂಜೆ ಆರಕ್ಕೆ, ಬಂದವರು ದೀಪ ಹಚ್ಚಲು ಮನೆಗಳಿಗೆ ಹೋದ ಮೇಲೆ, ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನಾನೇ ಚುಚ್ಚಿಕೊಳ್ಳುತ್ತಿದ್ದೆ. ಹುಟ್ಟಿದಾಗಿನಿಂದ ಸೂಜಿ ಹಿಡಿದ ಕೈ, ಆದರೂ ಮೊದಲ ವಾರ ಪ್ರತಿ ಸಲವೂ ಹತ್ತರವರೆಗೆ ಎಣಿಸಿಕೊಂಡು ಚುಚ್ಚಬೇಕಾಯಿತು. ತೀರ್ಥನಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಆರು ಹೊಡೆದರೆ ಮುಂದಿನ ಮೆಟ್ಟಿಲಿಗೆ ಹೋಗಿ, ಬೀದಿಗೆ ಮುಖ ಮಾಡಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಲ್ಲುತ್ತಿದ್ದ. ಒಳಗಿನಿಂದ ನಾನು ಆಯಿತು ಎಂದ ಮೇಲೆ ಬರುತ್ತಿದ್ದ. ಹೊಟ್ಟೆಯೆಲ್ಲ ನೇರಳೆ ಬಣ್ಣದ ಕಲೆ. ಅವನು ಅದಕ್ಕೆ ಕೈಯನ್ನೂ ಸೋಕಿಸುತ್ತಿರಲಿಲ್ಲ.

ಮೂರು ತಿಂಗಳು ದಾಟಿತು. ನಾಲ್ಕೂ ದಾಟಿತು. ಐದನೆಯ ತಿಂಗಳಲ್ಲಿ ಒಳಗೆ ಏನೋ ಒಂದಿಷ್ಟು ಹೊರಳಿದಂತಾಯಿತು. ಮಗುವೋ ವಾಯುವೋ ತಿಳಿಯುತ್ತಿರಲಿಲ್ಲ. ಬೇಸಿಗೆ ಕಾಲಿಟ್ಟಿತ್ತು, ಮೂಡಣದಿಂದ ಒಣಗಾಳಿ ಬೀಸುತ್ತಿತ್ತು. ಒಂದು ಮಧ್ಯಾಹ್ನ ಹಜಾರದಲ್ಲಿ ನಾಲ್ಕು ಹೆಂಗಸರು ಕೂತು ಮಾತಾಡುತ್ತಿದ್ದರು, ನಾನು ಒಳಗೆ ಮಜ್ಜಿಗೆ ಮಾಡುತ್ತಿದ್ದೆ. ಅವರು ಮಾತು ನಿಲ್ಲಿಸಿದ್ದು ನನಗೆ ಮೊದಲು ಕೇಳಿತು. ಲೋಟಗಳನ್ನು ಹಿಡಿದು ಬಂದು ನೋಡಿದರೆ ಹಜಾರ ಖಾಲಿ, ಬಾಗಿಲು ಮುಚ್ಚಿತ್ತು. ಸದ್ದೂ ಆಗಿರಲಿಲ್ಲ. ಗಾಳಿಗೆ ಬಾಗಿಲು ಚೌಕಟ್ಟಿನವರೆಗೂ ಸರಿದದ್ದನ್ನು ಕಂಡು ಅವರು ಎದ್ದಿರಬೇಕು, ಹೊರಗೆ ಹೋಗಿ ತಮ್ಮ ಹಿಂದೆ ಎಳೆದುಕೊಂಡಾಗ ಅದು ಬೆಣ್ಣೆಯಲ್ಲಿ ಹೋದಂತೆ ಹೋಗಿ ಕೂತಿತ್ತು. ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿರಬೇಕು.

ನಾನು ಲೋಟಗಳನ್ನು ನೆಲದ ಮೇಲಿಟ್ಟು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಹೊಟ್ಟೆಯ ಮೇಲೆ ಕೈಯಿಟ್ಟೆ. ಬೆಳಗಿನಿಂದ ಹೊರಳಿತ್ತೋ ಇಲ್ಲವೋ ನೆನಪಾಗಲಿಲ್ಲ. ನೋವಿರಲಿಲ್ಲ, ರಕ್ತವಿರಲಿಲ್ಲ. ಆದರೆ ಮೂರು ಸಲ ಬಾಗಿಲು ಸುಳ್ಳು ಹೇಳಿರಲಿಲ್ಲ. ಒಂದು ಸಲವಂತೂ ಬಾಗಿಲು ಮುಚ್ಚಿದ ಅರ್ಧ ದಿನದ ಮೇಲೆ ನನ್ನ ಮೈಗೆ ಗೊತ್ತಾಗಿತ್ತು. ಹೊರಗೆ ಡಬ್ಬಿಗಳು ಒಂದೊಂದಾಗಿ ಕಲ್ಲಿಗೆ ತಾಗತೊಡಗಿದವು. ಸಪ್ಪೆ ಸಾರಿನ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು.

ಆರು ಗಂಟೆಯಾಯಿತು. ಸೂಜಿ ಗೂಡಿನಲ್ಲಿತ್ತು. ಸತ್ತ ಮಗುವಿಗೇಕೆ ಸೂಜಿ ಎಂದುಕೊಂಡೆ. ಎದ್ದು ಹೋಗಿ ಅದನ್ನು ಹಿತ್ತಿಲಿಗೆ ಎಸೆಯಬೇಕೆಂದು ಕೈಗೆ ತೆಗೆದುಕೊಂಡೆ. ಆಗ ಡಾಕ್ಟರು ಮೆಟ್ಟಿಲ ಮೇಲಿನಿಂದ ಕೂಗಿದ್ದು ನೆನಪಾಯಿತು. ಅವರು ಬಾಗಿಲಿನ ಮಾತೆತ್ತಿರಲಿಲ್ಲ, ನನ್ನ ಕೇಳದೆ ಎಂದಿದ್ದರು. ಸೂಜಿ ಹಿಡಿದು ಬಾಗಿಲನ್ನು ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ, ಹೊರಗೆ ಬೀದಿದೀಪ ಹತ್ತಿತು. ಚರ್ಮ ಎತ್ತಿ ಹಿಡಿದು ಚುಚ್ಚಿಕೊಂಡೆ. ನಂಬಿಕೆಯಿಂದಲ್ಲ. ಜೀವಮಾನವಿಡೀ ಬಾಗಿಲು ಹೇಳಿದ್ದನ್ನು ಕೇಳಿ ಕೇಳಿ ನನಗೆ ಸಿಟ್ಟು ಬಂದಿತ್ತು. ಅಭ್ಯಾಸಬಲದಿಂದ ಬಾಯಿ "ಆಯ್ತು" ಎಂದಿತು.

ಹೊರಗೆ ಯಾರೋ ಬಿಕ್ಕಿದರು. ಬಾಗಿಲು ತೆಗೆದೆ. ತೀರ್ಥ ಡಬ್ಬಿಗಳ ನಡುವೆ ಮೆಟ್ಟಿಲ ಮೇಲೆ ಕೂತಿದ್ದ. ನಾಲ್ಕು ಗಂಟೆಗೇ ಕೆಲಸ ಬಿಟ್ಟು ಓಡಿಬಂದವನು, ಮುಚ್ಚಿದ ಬಾಗಿಲು ಕಂಡು, ತಟ್ಟಲಾರದೆ ಅಲ್ಲೇ ಕೂತುಬಿಟ್ಟಿದ್ದ. ಎರಡು ಗಂಟೆಗೂ ಹೆಚ್ಚು ಹೊತ್ತು ಒಂದೇ ಬಾಗಿಲಿಗೆ ಆಚೆ ಅವನು, ಈಚೆ ನಾನು ಬೆನ್ನು ಕೊಟ್ಟು ಅತ್ತಿದ್ದೆವು.

"ನಿನ್ನ ಮನೇನೇ ಕಣೋ ಇದು. ತಟ್ಟಬಾರ್ದಾ?" ಎಂದೆ.

"ಹೆಂಗೆ ತಟ್ಲಿ ಚಂಪಾ," ಎಂದ. ಮುಖ ಒರೆಸಿಕೊಂಡು, "ಆಯ್ತು ಅಂದ್ಯಲ್ಲ. ಸೂಜಿ ತಗೊಂಡ್ಯಾ? ಮತ್ತೆ... ಇದೆಯಾ?" ಎಂದು ಕೇಳಿದ.

"ಗೊತ್ತಿಲ್ಲ. ಬೆಳಗ್ಗೆ ಮೊದಲ ಬಸ್ಸಿಗೆ ಹೋಗೋಣ."

ಡಾಕ್ಟರು ನನ್ನ ಮಾತು ಮುಗಿಯುವ ಮೊದಲೇ ಮಲಗಿಸಿ, ಹೊಟ್ಟೆಯ ಮೇಲೆ ತಣ್ಣನೆಯದೇನೋ ಸವರಿ ಯಂತ್ರ ಇಟ್ಟರು. ಸದ್ದು ಕೋಣೆಯನ್ನೆಲ್ಲ ತುಂಬಿತು. ಅವಸರದ ಹೊಲಿಗೆಗೆ ಕೂತಾಗ ನನ್ನ ಮೆಷಿನ್ನು ಮಾಡುವ ಸದ್ದೇ ಅದು, ನಿಲ್ಲದೆ ಹೊಡೆದುಕೊಳ್ಳುತ್ತಿತ್ತು. ತೀರ್ಥ ಗೋಡೆ ಹಿಡಿದುಕೊಂಡು ನಿಂತ. ಅಂದು ಮೊದಲ ಬಾರಿಗೆ ಅವನು ನನ್ನ ಹೊಟ್ಟೆಯ ನೇರಳೆ ಕಲೆಗಳನ್ನು ಕಣ್ಣು ಬಿಟ್ಟು ನೋಡಿದ.

ಊರಿಗೆ ಬಂದು ಹೇಳಿದೆವು. ಯಾರೂ ನಂಬಲಿಲ್ಲ. ಬಾಗಿಲು ಮುಚ್ಚಿದೆಯಲ್ಲ! ತೀರ್ಥ ನೀರು ಬಿಡುತ್ತ ಬೀದಿ ಬೀದಿಯಲ್ಲಿ ಹೇಳಿದ, ಹೆಂಡತಿಯ ಮನಸ್ಸಿನ ಸಮಾಧಾನಕ್ಕೆ ಪಾಪ ಹೀಗೆ ಹೇಳುತ್ತಾನೆ ಎಂದು ಬಿಂದಿಗೆ ಎತ್ತಿಕೊಂಡು ಹೋದರು. ಒಂಬತ್ತು ದಿನ ಡಬ್ಬಿಗಳು ಬಂದು, ಹತ್ತನೆಯ ದಿನ ನಿಂತವು. ಆಮೇಲೆ ಹೊಟ್ಟೆ ಕಣ್ಣಿಗೆ ಕಾಣುವಷ್ಟಾಯಿತು, ಆಗಂತೂ ನನ್ನನ್ನು ಕಂಡರೆ ಜನ ಆಕಾಶ ನೋಡತೊಡಗಿದರು. ರೇಷನ್ ಅಂಗಡಿಯ ಸಾಲಿನಲ್ಲಿ ಅತ್ತೆ ಸಿಕ್ಕರು. ಅವರ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡೆ. "ನೋಡಿ ಅತ್ತೆ, ಒದೀತಾ ಇದೆ."

ಅತ್ತೆಯ ಕಣ್ಣು ತುಂಬಿತು. ಕೈಯನ್ನು ಮೆಲ್ಲನೆ ಬಿಡಿಸಿಕೊಂಡರು. "ದುಃಖಕ್ಕೂ ಹೊಟ್ಟೆ ಊದತ್ತೆ ಕಣೆ ತಾಯಿ. ನಂಗೊತ್ತಿಲ್ವಾ. ಬಾಗ್ಲು ಮುಚ್ಚಿದೆಯಲ್ಲೇ," ಎಂದು ಸೆರಗಿನಿಂದ ನನ್ನ ಮುಖ ಒರೆಸಿದರು. ಸಾಲಿನಲ್ಲಿದ್ದವರು ನನ್ನನ್ನು ಮುಂದೆ ಬಿಟ್ಟರು.

ಮಗುವನ್ನು ಹೊತ್ತೂ ಇಲ್ಲದವಳಾಗಿ ತಿಂಗಳುಗಟ್ಟಲೆ ಕಳೆದೆ. ಅದಕ್ಕಿಂತ ದೊಡ್ಡ ಒಂಟಿತನವನ್ನು ನಾನು ಕಂಡಿಲ್ಲ. ಮೂರು ಸಲ ಕಳೆದುಕೊಂಡಾಗ ದುಃಖ ನನ್ನದು ಎಂದಾದರೂ ಊರು ಒಪ್ಪಿತ್ತು. ಈ ಸಲ ನನ್ನ ಭಯವನ್ನೂ ಸಂತೋಷವನ್ನೂ ಹೇಳಿಕೊಳ್ಳಲು ಗಂಡನೊಬ್ಬನೇ. ಅವನಿಗೂ ನನ್ನಷ್ಟೇ ಭಯ. ಡಾಕ್ಟರ ಯಂತ್ರ ತಿಂಗಳಿಗೊಮ್ಮೆ ಇದೆ ಎನ್ನುತ್ತಿತ್ತು. ಮಿಕ್ಕ ಇಪ್ಪತ್ತೊಂಬತ್ತು ದಿನ ನನ್ನ ಮನೆಯ ಬಾಗಿಲೇ ಇಲ್ಲ ಇಲ್ಲ ಎನ್ನುತ್ತಿತ್ತು.

ಆದರೆ ಒಂದು ಡಬ್ಬಿ ನಿಲ್ಲಲಿಲ್ಲ. ಹತ್ತನೆಯ ದಿನವೂ ಬಂತು, ಇಪ್ಪತ್ತನೆಯ ದಿನವೂ ಬಂತು. ಮುಚ್ಚಳ ನೆಗ್ಗಿದ ಹಳೆಯ ಸ್ಟೀಲ್ ಡಬ್ಬಿ. ತೆರೆದು ನೋಡಿದರೆ ಸಪ್ಪೆ ಸಾರಿಲ್ಲ. ಹುಣಸೆಹಣ್ಣಿನ ಗೊಜ್ಜು, ಮಾವಿನಕಾಯಿ ಚಿತ್ರಾನ್ನ, ನೆಲ್ಲಿಕಾಯಿ ತೊಕ್ಕು. ಬಸುರಿಗೆ ಕೊಡುವ ಊಟ! ಮೆಟ್ಟಿಲ ಮೇಲೆ ಕೂತು ಬೆರಳು ಚೀಪಿಕೊಂಡು ತಿಂದೆ, ಅಳುತ್ತ ತಿಂದೆ. ನನ್ನ ಮಗು ಇದೆಯೆಂದು ಈ ಊರಿನಲ್ಲಿ ಯಾರೋ ಒಬ್ಬರು ನಂಬಿದ್ದರು. ಮುಚ್ಚಳದ ಮೇಲೆ ಪಾತ್ರೆಗೆ ಹಾಕಿಸುವ ಚುಕ್ಕಿ ಅಕ್ಷರದಲ್ಲಿ ಮುಕುಂದ ಎಂದು ಹೆಸರಿತ್ತು. ಬೀದಿಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಡಬ್ಬಿ ತೊಳೆದು ಮೆಟ್ಟಿಲ ಮೇಲಿಟ್ಟರೆ ನಾನು ಹಿತ್ತಿಲಿಗೆ ಹೋಗಿ ಬರುವುದರೊಳಗೆ ಮಾಯವಾಗುತ್ತಿತ್ತು.

ಏಳನೆಯ ತಿಂಗಳಲ್ಲಿ ಒಂದು ದಿನ ವೀರಾಚಾರರು ಬೀದಿಯಲ್ಲಿ ನಿಂತು, ನಮ್ಮ ಮನೆಯ ಗೋಡೆಯನ್ನು ನೋಡುತ್ತ ಗಟ್ಟಿಯಾಗಿ ಮಾತಾಡತೊಡಗಿದರು. "ನಾನು ಯಾರನ್ನೂ ಕರೀತಿಲ್ಲಪ್ಪ. ಈ ಗೋಡೆಗೆ ಹೇಳ್ತಿದೀನಿ. ಮರ ಹಸೀದಿತ್ತು. ಒಣಗಿ ಕುಗ್ಗಿದೆ. ತಪ್ಪು ನಂದು."

ಬಾಗಿಲು ತೆಗೆದು ಒಳಗೆ ಕರೆದೆ. ಮುದುಕರು ನನ್ನ ಹೊಟ್ಟೆಯನ್ನು ನೋಡಿ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಅವರು ಎಲ್ಲರಿಗೂ ಹೇಳಿದ್ದರಂತೆ, ಬಡಗಿ ತನ್ನ ಬಾಗಿಲನ್ನೇ ಬೈದುಕೊಂಡರೆ ಯಾರು ನಂಬುತ್ತಾರೆ ಎಂದರು. ಅಂಚಿಗೆ ಒಂದು ಮರದ ಪಟ್ಟಿ ಹೊಡೆದರೆ ಬಾಗಿಲು ಮತ್ತೆ ತೆರೆದೇ ನಿಲ್ಲುತ್ತದೆ, ಜನರೂ ಬರುತ್ತಾರೆ, ಹೊಡೆಯಲೇ ಎಂದು ಕೇಳಿದರು. ಕ್ಷಣಕಾಲ ಆಸೆಯಾಯಿತು. ಆಮೇಲೆ ಬೇಡವೆಂದೆ. ಪಟ್ಟಿ ನೋಡಿ ಬರುವವರು ನನ್ನನ್ನು ನೋಡಲು ಬಂದ ಹಾಗಾಗುವುದಿಲ್ಲ. ಅಷ್ಟರಲ್ಲಿ ಅವರ ಕಣ್ಣು ಮೆಟ್ಟಿಲ ಮೇಲಿದ್ದ ಡಬ್ಬಿಯ ಮೇಲೆ ಬಿತ್ತು. ಮುಚ್ಚಳವನ್ನು ಹೆಬ್ಬೆರಳಿನಿಂದ ಸವರಿದರು.

"ಈ ಹೆಸ್ರು ನಾನು ತೊಟ್ಲ ಮೇಲೂ ಕೆತ್ತಿದ್ದೆ ಕಣಮ್ಮ," ಎಂದು ಎದುರುಮನೆಯತ್ತ ಗಲ್ಲ ಎತ್ತಿ ತೋರಿಸಿದರು. "ಅಂಬುಜಾಕ್ಷಮ್ಮಂಗೆ. ನಾಲ್ಕು ಹೋಗಿ ಐದನೇದು ಏಳು ತಿಂಗ್ಳಿಗೆ ಬಂದಿತ್ತು. ಇನ್ನು ಹೋಗಲ್ಲ ಅಂತ ಗಂಡ ಹೆಂಡ್ತಿ ಹೆಸ್ರಿಟ್ಟು, ಪಾತ್ರೆಗೆಲ್ಲ ಹಾಕ್ಸಿದ್ರು. ತೊಟ್ಲು ತಗೊಂಡು ನಾನು ಬೀದಿ ತಿರುಗ್ತಾ ಇದ್ದೆ. ಬಾಗ್ಲು ಮುಚ್ತು. ತೊಟ್ಲು ಹೊತ್ಕೊಂಡು ವಾಪಸ್ ಹೋದೆ. ಮೂವತ್ತು ವರ್ಷ ಆಯ್ತು, ಆ ಬಾಗ್ಲು ಮತ್ತೆ ತೆರೀಲಿಲ್ಲ, ನಾವ್ಯಾರೂ ತಟ್ಲಿಲ್ಲ."

ಆಚಾರರು ಹೋದ ಮೇಲೆ ಎದುರುಮನೆಯ ಬಾಗಿಲನ್ನು ಬಹಳ ಹೊತ್ತು ನೋಡಿದೆ. ಹತ್ತು ಹೆಜ್ಜೆ ದೂರ. ಅಂದೇ ಹೋಗಿ ತಟ್ಟಿದೆ ಎಂದು ಬರೆದುಕೊಳ್ಳಲು ನನಗೂ ಆಸೆಯಿದೆ. ಆದರೆ ಹೋಗಲಿಲ್ಲ. ನೋವಾದೀತು ಎಂದು ಹೆದರಿದೆ, ಅವರ ಗತಿ ನನಗೂ ಬಂದೀತೆಂದೂ ಹೆದರಿದೆ. ನಾನೂ ಈ ಊರಿನವಳೇ. ಡಬ್ಬಿ ತೊಳೆದಿಟ್ಟು, ಒಳಗೆ ಒಂದು ಚೂರು ಬೆಲ್ಲ ಹಾಕಿ, ಹೆಜ್ಜೆಯ ಸದ್ದಾಗದಂತೆ ಒಳಗೆ ಬಂದೆ.

ಒಂಬತ್ತು ತುಂಬುವ ಮೊದಲೇ ಡಾಕ್ಟರು ಕರೆಸಿಕೊಂಡರು, ಸೂಜಿ ನಿಲ್ಲಿಸಿ, ದಿನ ನೋಡಿ ನೋವು ಬರಿಸಿದರು. ಹೆಣ್ಣುಮಗು. ಹುಟ್ಟಿದ ಕೂಡಲೇ ಕಿರುಚಿದ್ದು ಕೇಳಿ ತೀರ್ಥ ಹೊರಗಿನಿಂದ ಕೋಣೆಯ ಬಾಗಿಲನ್ನು ಎರಡೂ ಕೈಯಲ್ಲಿ ದಬದಬನೆ ಬಡಿದ. ದಾದಿಯರು ಬೈದರು. ನನ್ನ ಗಂಡ ಬಾಗಿಲು ಬಡಿದದ್ದನ್ನು ಅಂದೇ ನಾನು ಮೊದಲು ಕೇಳಿದ್ದು.

ಊರಿನಲ್ಲಿ ಮಾತ್ರ ಯಾವ ಸದ್ದೂ ಆಗಿರಲಿಲ್ಲ. ಮುಚ್ಚಿಯೇ ಇದ್ದ ಬಾಗಿಲು ಇನ್ನೇನು ಮುಚ್ಚೀತು? ಹನ್ನೊಂದನೆಯ ದಿನ ಮಧ್ಯಾಹ್ನದ ಬಸ್ಸಿನಲ್ಲಿ ಬಂದಿಳಿದು, ಮಗುವನ್ನು ಎತ್ತಿಕೊಂಡು ಬೀದಿಯಲ್ಲಿ ನಡೆದೆವು. ಕಿಟಕಿಗಳಲ್ಲಿ ಮುಖಗಳು ಬಂದವು, ನಿಂತವು. ಯಾರೂ ಸಕ್ಕರೆ ತರಲಿಲ್ಲ. ಸದ್ದೇ ಇಲ್ಲದೆ ಬಂದ ಮಗುವಿಗೆ ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿರಲಿಲ್ಲ. ಅತ್ತೆ ಬೀದಿಯ ತಿರುವಿನಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ನಮ್ಮ ಮೆಟ್ಟಿಲ ಮೇಲೆ ಡಬ್ಬಿ ಇತ್ತು. ಮುಟ್ಟಿದರೆ ಇನ್ನೂ ಬಿಸಿ. ನಾವಿಲ್ಲದ ಅಷ್ಟೂ ದಿನ ಇಟ್ಟು, ತೆಗೆದು, ಮತ್ತೆ ಇಟ್ಟಿರಬೇಕು.

ತೀರ್ಥ ಬೀಗ ತೆಗೆಯುತ್ತಿದ್ದ. ನಾನು ಒಳಗೆ ಹೋಗಲಿಲ್ಲ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಡಬ್ಬಿ ಹಿಡಿದು ಬೀದಿ ದಾಟಿದೆ. ಡಬ್ಬಿಯ ತಳದಿಂದಲೇ ಬಾಗಿಲಿಗೆ ಕುಟ್ಟಿದೆ. ಬೀದಿಯೆಲ್ಲ ಬೆಚ್ಚಿತು. ಯಾವುದೋ ಮನೆಯಲ್ಲಿ ಯಾರೋ ಅಯ್ಯೋ ಎಂದರು. ಮತ್ತೆ ಕುಟ್ಟಿದೆ.

"ಯಾರು?" ಎಂದಿತು ಒಳಗಿನ ದನಿ. ಮೂವತ್ತು ವರ್ಷದಿಂದ ಆ ಮಾತು ಕೇಳುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ.

"ಎದುರುಮನೆ ಚಂಪಾ. ಡಬ್ಬಿ ತಂದಿದೀನಿ ಅಂಬುಜಮ್ಮಾ. ಮಗು ತಂದಿದೀನಿ."

"ಹಿತ್ಲಿಂದ ಬಾ. ಈ ಬಾಗ್ಲು ಬರಲ್ಲ ಕಣೆ, ತುಕ್ಕು ಹಿಡ್ದಿದೆ."

"ಇಲ್ಲ. ಇದೇ ತೆಗೀರಿ." ಬಾಗಿಲಿಗೆ ಹಣೆಯಿಟ್ಟು ಕೇಳಿದೆ, "ಊರಿಗೆ ಊರೇ ಇಲ್ಲ ಅಂತು. ನೀವು ಹೆಂಗೆ ನಂಬಿದ್ರಿ?"

"ನಿನ್ನ ಗಂಡ," ಎಂದರು. ದನಿ ಬಾಗಿಲಿಗೆ ಹತ್ತಿರ ಬಂದಿತ್ತು. "ದಿನಾ ಆರು ಗಂಟೆಗೆ ಮೆಟ್ಲ ಮೇಲೆ ಕಣ್ಮುಚ್ಕೊಂಡು ನಿಲ್ತಿದ್ದ. ನೀನು ಒಳ್ಗೆ ಏನೋ ಮಾಡ್ಕೋತೀಯ, ಅವ್ನಿಗೆ ನೋಡಕ್ಕಾಗಲ್ಲ ಅಂದ್ಕೊಂಡೆ. ಬಾಗ್ಲು ಮುಚ್ಚಿದ ಮಾರ್ನೇ ದಿನಾನೂ ಬಂದು ನಿಂತ. ಇಲ್ದಿದ್ರೆ ಯಾಕೆ ನಿಲ್ತಾನೆ ಹೇಳು?" ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಅದೇನದು, ಏನು ಮಾಡ್ಕೋತಿದ್ದೆ? ನನ್ನ ಕಾಲ್ದಲ್ಲೂ ಇತ್ತಾ ಅದು?"

"ಗೊತ್ತಿಲ್ಲಮ್ಮಾ," ಎಂದೆ. "ಆದ್ರೆ ನೀವೇನೂ ಮಾಡಿದ್ದಕ್ಕಲ್ಲ. ಡಾಕ್ಟ್ರು ಹೇಳಿದ್ರು. ಯಾವುದಕ್ಕೂ ಅಲ್ಲ."

ಒಳಗೆ ಅಗುಳಿ ಕಿತ್ತುಕೊಳ್ಳುವ ಸದ್ದು ಕೇಳಿತು. ಅವರು ಎಳೆದರು, ನಾನು ಡಬ್ಬಿ ಕೆಳಗಿಟ್ಟು ಭುಜ ಕೊಟ್ಟು ದಬ್ಬಿದೆ. ಮಗು ಕಿರುಚಿಕೊಂಡಿತು. ತೀರ್ಥ ಓಡಿಬಂದು ನನ್ನ ಪಕ್ಕದಲ್ಲಿ ಕೈಯಿಟ್ಟ. ತಿರುಗಣಿ ಒಮ್ಮೆ ಕಿರ್ರೆಂದು, ಬಾಗಿಲು ಒಂದು ಗೇಣು ತೆರೆದು ನಿಂತಿತು, ಅಷ್ಟಕ್ಕೆ ಸಿಕ್ಕಿಕೊಂಡಿತು. ಆ ಗೇಣಿನಲ್ಲಿ ಹುಣಸೆಹಣ್ಣಿನ ಕಲೆಯಿದ್ದ ಮುದಿ ಕೈಯೊಂದು ಹೊರಗೆ ಬಂದು ಗಾಳಿಯಲ್ಲಿ ಹುಡುಕಿತು. ಬಟ್ಟೆ ಸರಿಸಿ, ಮಗುವಿನ ಪಾದವನ್ನು ಆ ಕೈಗೆ ಕೊಟ್ಟೆ.